ವಿದೇಶದಿಂದ ಮರಳುವ ಮುನ್ನಾದಿನ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತಲು ಹೊರಡುವವರಿಗೆ ಬುದ್ಧಿವಾದ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಯಾವ ಉಡುಪು ಒಯ್ಯಬೇಕು, ಎಷ್ಟು ಉಪ್ಪಿನಕಾಯಿ ಕಟ್ಟಬೇಕು, ಅಧಿಕಾರಿಗಳು ಕೇಳುವ ಪ್ರಶ್ನೆಗಳಿಗೆ ಹೇಗೆ ಉತ್ತರಿಸಬೇಕು ಎಂಬುದನ್ನೆಲ್ಲ ನೆರೆಹೊರೆಯವರು ತಿಂಗಳುಗಟ್ಟಲೆ ಮೊದಲೇ ಕಲಿಸಿಕೊಡುತ್ತಾರೆ. ಆದರೆ ಸುತ್ತಾಟ ಮುಗಿಸಿ ಮನೆಗೆ ಮರಳುವವರು ಹೇಗೆ ಸಿದ್ಧರಾಗಬೇಕೆಂಬುದನ್ನು ಹೇಳುವವರು ವಿರಳ. ಮರಳುವುದೆಂದರೆ ಬಂದ ದಾರಿಯಲ್ಲೇ ಹಿಂದಿರುಗುವುದು, ಅದರಲ್ಲಿ ಕಲಿಯುವುದೇನಿದೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು.

ಒಂದು ಕಾಲದಲ್ಲಿ ನಮ್ಮ ಸಂಘದ ಸದಸ್ಯರಲ್ಲಿ ವಿದೇಶ ಕಂಡವರನ್ನು ಬೆರಳೆಣಿಕೆಯಲ್ಲಿ ಎಣಿಸಬಹುದಾಗಿತ್ತು. ಇಂದು ಮುಂಬಯಿಯ ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವುದು ಸಾಮಾನ್ಯ ಸಂಗತಿ. ಅರುವತ್ತು ಎಪ್ಪತ್ತರ ವಯಸ್ಸಿನ ತಂದೆತಾಯಿಗಳು ಮಕ್ಕಳೊಡನೆ ಕೆಲವು ತಿಂಗಳು ಇದ್ದು ಬರುತ್ತಾರೆ. ಇವರಲ್ಲಿ ಹಲವರಿಗೆ ರಕ್ತದೊತ್ತಡ, ಮಧುಮೇಹ, ಮಂಡಿನೋವು ಇತ್ಯಾದಿ ಸಂಗಾತಿಗಳಿರುತ್ತವೆ. ನಾಲ್ಕು ದಶಕಗಳ ಕಾಲ ವೈದ್ಯವೃತ್ತಿಯನ್ನು ನಡೆಸಿದ ನಾನು ಇಂತಹ ಪ್ರಯಾಣಿಕರನ್ನು ಅನೇಕ ಬಾರಿ ಪರೀಕ್ಷಿಸಿ, ಸಲಹೆ ಕೊಟ್ಟು ಕಳುಹಿಸಿದ್ದೇನೆ. ಆದಾಗ್ಯೂ ಮರಳುವ ಮುನ್ನಾದಿನ ಎಂಬುದು ಆರೋಗ್ಯದ ದೃಷ್ಟಿಯಿಂದ ಎಷ್ಟು ಅಪಾಯದ ದಿನವೆಂಬುದು ನನ್ನ ಸ್ವಂತ ಮನೆಯಲ್ಲಿ ಪೆಟ್ಟು ಬೀಳುವವರೆಗೆ ನನಗೆ ಹೊಳೆದಿರಲಿಲ್ಲ. ಆ ಅನುಭವವನ್ನೂ ಅದರಿಂದ ಕಲಿತ ಪಾಠಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ ನಡೆದದ್ದು

2024ರ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ಮಗನ ಮನೆಗೆ ಹೋದೆವು. ದೀಪಾವಳಿಗೆ ಮೊದಲು ಮನೆ ಸೇರಬೇಕೆಂದು ಅಕ್ಟೋಬರ್ ತಿಂಗಳಲ್ಲಿ ಮರಳುವ ಟಿಕೆಟು ತೆಗೆಸಿದ್ದೆವು. ಮರುದಿನ ಮಧ್ಯಾಹ್ನ ವಿಮಾನ. ಹಿಂದಿನ ದಿನ ಬೆಳಗ್ಗೆ ಆರು ಗಂಟೆಗೇ ಮನೆ ಸಂತೆಯಂತಾಗಿತ್ತು. ನಡುಮನೆಯಲ್ಲಿ ನಾಲ್ಕು ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಒಂದರ ತೂಕ ಹೆಚ್ಚಾಯಿತೆಂದು ತೆಗೆದದ್ದನ್ನು ಇನ್ನೊಂದಕ್ಕೆ ಹಾಕುವುದು, ಅದು ಹೆಚ್ಚಾಯಿತೆಂದು ಮೂರನೆಯದಕ್ಕೆ ಹಾಕುವುದು, ಹೀಗೆ ನಡೆದಿತ್ತು. ನಡುವೆ ಬೀಳ್ಕೊಡಲು ಬಂದವರಿಗೆ ಕಾಫಿ. ಮರೆತುಹೋಗಿದ್ದ ಉಡುಗೊರೆಗಾಗಿ ಅಂಗಡಿಗೆ ಓಟ. ಊರಿನ ಮನೆಯ ಬೀಗದ ಕೈ ಎಲ್ಲಿದೆಯೆಂದು ಒಂದು ಗಂಟೆಯ ಶೋಧನೆ. ಅದು ಕೊನೆಗೆ ಸಿಕ್ಕಿದ್ದು ನನ್ನದೇ ಕೋಟಿನ ಜೇಬಿನಲ್ಲಿ.

ನನ್ನ ಪತ್ನಿಗೆ ಹದಿನೈದು ವರ್ಷಗಳಿಂದ ಮಧುಮೇಹ. ಬೆಳಗಿನ ಮಾತ್ರೆಯನ್ನು ಆಕೆ ತಪ್ಪದೆ ನುಂಗಿದಳು. ಆದರೆ ತಿಂಡಿ ಅರ್ಧಕ್ಕೇ ನಿಂತಿತು, ಮಧ್ಯಾಹ್ನದ ಊಟವನ್ನು ‘ಇದೊಂದು ಪೆಟ್ಟಿಗೆ ಮುಗಿಸಿ ಬರುತ್ತೇನೆ’ ಎನ್ನುತ್ತ ಮುಂದೂಡಿದಳು. ಸಂಜೆ ನಾಲ್ಕರ ಸುಮಾರಿಗೆ ಎಂಟು ವರ್ಷದ ಮೊಮ್ಮಗ ಓಡಿಬಂದು, ‘ಅಜ್ಜಾ, ಅಜ್ಜಿ ಮಾತಾಡ್ತಾ ಇಲ್ಲ’ ಎಂದ. ಹೋಗಿ ನೋಡಿದರೆ ಆಕೆ ತೂಕದ ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು. ಹಣೆ, ಕುತ್ತಿಗೆಗಳಿಂದ ಬೆವರು ಇಳಿಯುತ್ತಿತ್ತು. ಕಣ್ಣು ತೆರೆದಿದ್ದರೂ ನನ್ನ ಗುರುತು ಹಿಡಿದಂತೆ ಕಾಣಲಿಲ್ಲ. ಕೈಯಲ್ಲಿ ಮೊಮ್ಮಗನ ಹಳೆಯ ಅಂಗಿಯೊಂದನ್ನು ಹಿಡಿದುಕೊಂಡು ಅದನ್ನು ಮಡಿಸುವುದು ಬಿಡಿಸುವುದು ಮಾಡುತ್ತಿದ್ದಳು.

ರಕ್ತದ ಸಕ್ಕರೆ ಇಳಿದಿದೆಯೆಂದು ನನಗೆ ಕೂಡಲೇ ತಿಳಿಯಿತು. ಅಳೆಯುವ ಉಪಕರಣ ಎಲ್ಲಿ? ಅದು ಮೂರನೆಯ ಸೂಟ್‌ಕೇಸಿನ ತಳದಲ್ಲಿ ಭದ್ರವಾಗಿತ್ತು. ಅಲ್ಲಿಟ್ಟವನು ವೈದ್ಯನಾದ ನಾನೇ. ಅದನ್ನು ಹುಡುಕುತ್ತ ಕೂರದೆ ಸಕ್ಕರೆ ಬೆರೆಸಿದ ನೀರನ್ನು ತರಿಸಿ, ಆಕೆಗೆ ನುಂಗುವ ಶಕ್ತಿ ಇದೆಯೆಂದು ಖಚಿತಪಡಿಸಿಕೊಂಡು, ಗುಟುಕುಗುಟುಕಾಗಿ ಕುಡಿಸಿದೆ. ಮಗ ಸೂಟ್‌ಕೇಸನ್ನು ನೆಲದ ಮೇಲೆ ಸುರಿದು ಉಪಕರಣವನ್ನು ತೆಗೆಯುವ ಹೊತ್ತಿಗೆ ಇಪ್ಪತ್ತು ನಿಮಿಷಗಳಾಗಿದ್ದವು. ಸಕ್ಕರೆ ಕುಡಿದ ಬಳಿಕವೂ ಅದು ತೋರಿಸಿದ ಅಂಕಿ 68. ಮತ್ತೊಮ್ಮೆ ಸಕ್ಕರೆ, ಅನಂತರ ಮೊಸರನ್ನ. ಆಕೆ ಮೊದಲು ಆಡಿದ ಮಾತು: ‘ಎಷ್ಟು ಕಿಲೋ ಆಯಿತು?’

ಅಂದು ನಾವು ಪ್ರಯಾಣವನ್ನು ಎರಡು ದಿನ ಮುಂದಕ್ಕೆ ಹಾಕಿದೆವು. ಆ ಎರಡು ದಿನಗಳ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಸಕ್ಕರೆ ಏಕೆ ಇಳಿಯುತ್ತದೆ?

ಮಧುಮೇಹವೆಂದರೆ ಸಕ್ಕರೆ ಹೆಚ್ಚುವ ರೋಗ. ಅದು ಇಳಿಯುವುದು ಬಹುಮಟ್ಟಿಗೆ ಚಿಕಿತ್ಸೆಯ ಫಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಹೊಟ್ಟೆಗೆ ಆಹಾರ ಬಿದ್ದಿದೆಯೋ ಇಲ್ಲವೋ ಎಂಬುದನ್ನು ಈ ಮಾತ್ರೆಗಳು ವಿಚಾರಿಸುವುದಿಲ್ಲ. ಇನ್ಸುಲಿನ್ ಚುಚ್ಚುಮದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಇದರ ಜೊತೆಗೆ ಬಗ್ಗುವುದು, ಎತ್ತುವುದು, ಮಹಡಿ ಹತ್ತಿಳಿಯುವುದು ಮೊದಲಾದ ಶ್ರಮದಿಂದ ಸ್ನಾಯುಗಳು ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಒಂದು ಕಡೆ ಆಹಾರವಿಲ್ಲ, ಇನ್ನೊಂದು ಕಡೆ ಔಷಧಿಯ ಪ್ರಭಾವ, ಮತ್ತೊಂದು ಕಡೆ ಎಂದೂ ಇಲ್ಲದ ದುಡಿಮೆ. ಮುನ್ನಾದಿನದಂದು ಈ ಮೂರೂ ಒಂದೇ ಕಡೆ ಸೇರುತ್ತವೆ.

ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯ ಪ್ರಮಾಣ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿಯಬೇಕು. ಬೆವರು, ಕೈನಡುಕ, ಎದೆ ಡವಗುಟ್ಟುವುದು, ತೀವ್ರ ಹಸಿವು, ಕಾರಣವಿಲ್ಲದ ಸಿಡುಕು, ಮಾತು ತೊದಲುವುದು ಇವು ಮುಖ್ಯ ಲಕ್ಷಣಗಳು. ಮೆದುಳು ತನ್ನ ಶಕ್ತಿಗೆ ಮುಖ್ಯವಾಗಿ ಸಕ್ಕರೆಯನ್ನೇ ಅವಲಂಬಿಸಿರುವುದರಿಂದ ಬುದ್ಧಿ ಮಂಕಾಗುತ್ತದೆ. ಆದುದರಿಂದಲೇ ರೋಗಿಗೆ ತನ್ನ ಸ್ಥಿತಿ ತನಗೇ ತಿಳಿಯದೆ ಹೋಗುವ ಸಂಭವವುಂಟು. ಪರೀಕ್ಷಿಸುವ ಉಪಕರಣ ಕೈಗೆ ಸಿಗದಿದ್ದರೆ ಕಾಯಬಾರದು. ಮೂರು ನಾಲ್ಕು ಚಹಾ ಚಮಚ, ಎಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಬೇಕು. ಹದಿನೈದು ನಿಮಿಷಗಳ ಅನಂತರ ಪರೀಕ್ಷಿಸಿ, ಅಗತ್ಯವಿದ್ದರೆ ಮತ್ತೊಮ್ಮೆ ಅಷ್ಟೇ ಕೊಟ್ಟು, ಬಳಿಕ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಅಂಥವರನ್ನು ಒಂದು ಮಗ್ಗುಲಿಗೆ ಮಲಗಿಸಿ ತುರ್ತು ಸಹಾಯವನ್ನು ಕರೆಯಬೇಕು. ಅಮೆರಿಕದಲ್ಲಾದರೆ ಆ ಸಂಖ್ಯೆ 911. ಮೇಲೆ ಹೇಳಿದ ಮಾತ್ರೆಗಳ ಪ್ರಭಾವ ದೀರ್ಘಕಾಲ ಇರುವುದರಿಂದ, ಒಮ್ಮೆ ಚೇತರಿಸಿಕೊಂಡವರಲ್ಲಿ ಸಕ್ಕರೆ ಮತ್ತೆ ಇಳಿಯಬಹುದು. ಅಂಥವರನ್ನು ಒಂದು ದಿನವಾದರೂ ಕಣ್ಣಿಟ್ಟು ನೋಡಿಕೊಳ್ಳಬೇಕು. ಇದೇ ಘಟನೆ ಮರುದಿನ ಆಕಾಶದಲ್ಲಿ ಮರುಕಳಿಸಿದ್ದರೆ ಗತಿ ಏನೆಂಬ ಯೋಚನೆಯಿಂದಲೇ ನಾವು ಪ್ರಯಾಣವನ್ನು ಮುಂದೂಡಿದ್ದು.

ತೂಕದ ಗೊಂದಲ

ಮುನ್ನಾದಿನದ ಗಲಿಬಿಲಿಗೆಲ್ಲ ಮೂಲ ಸಾಮಾನಿನ ತೂಕ. ಅನೇಕ ವಿಮಾನ ಸಂಸ್ಥೆಗಳು ಸಾಮಾನ್ಯ ದರ್ಜೆಯ ಪ್ರಯಾಣಿಕರ ಒಂದೊಂದು ಪೆಟ್ಟಿಗೆಗೆ ವಿಧಿಸುವ ಮಿತಿ 23 ಕಿಲೋಗ್ರಾಂ, ಅಂದರೆ 50 ಪೌಂಡು. ನಮ್ಮ ಬಂಧುಬಳಗ ದೊಡ್ಡದು. ಚಾಕಲೇಟು, ಬಾದಾಮಿ, ಜೀವಸತ್ವದ ಮಾತ್ರೆಗಳ ಡಬ್ಬಿ, ಸುಗಂಧದ ಶೀಷೆ, ಯಾರಿಗೆ ತಂದರೆ ಯಾರಿಗೆ ಬಿಟ್ಟಂತಾಗುತ್ತದೋ ಎಂಬ ಸಂಕೋಚ ಬೇರೆ. ಹೀಗಾಗಿ ಪೆಟ್ಟಿಗೆಗಳು ಮಿತಿಯ ಅಂಚಿಗೆ ಬಂದು ನಿಲ್ಲುತ್ತವೆ.

ಇಪ್ಪತ್ತಮೂರು ಕಿಲೋ ಭಾರವನ್ನು ಅರುವತ್ತೈದರ ವ್ಯಕ್ತಿ ಒಂದೇ ದಿನದಲ್ಲಿ ಹತ್ತಾರು ಬಾರಿ ಎತ್ತಿ ಇಳಿಸುವುದು ಸಣ್ಣ ಮಾತಲ್ಲ. ಮಂಡಿಯನ್ನು ಮಡಿಸದೆ, ಸೊಂಟದಿಂದ ಮುಂದಕ್ಕೆ ಬಾಗಿ, ತೋಳುಗಳನ್ನು ದೂರ ಚಾಚಿ ಎತ್ತಿದಾಗ ಬೆನ್ನುಮೂಳೆಯ ಕೆಳಭಾಗದ ಮೇಲೆ ಬೀಳುವ ಒತ್ತಡವು ಎತ್ತಿದ ಭಾರದ ಹಲವು ಪಟ್ಟಾಗುತ್ತದೆ. ಇದು ಸನ್ನೆಗೋಲಿನ ತತ್ವ. ಭಾರವು ಶರೀರದಿಂದ ದೂರವಾದಷ್ಟೂ ಬೆನ್ನಿನ ಸ್ನಾಯುಗಳು ಹೆಚ್ಚು ಬಲವನ್ನು ಹಾಕಬೇಕಾಗುತ್ತದೆ. ಎತ್ತುವಾಗಲೇ ಸೊಂಟವನ್ನು ತಿರುಚಿದರಂತೂ ಕಶೇರುಕಗಳ ನಡುವಿನ ಮೆತ್ತೆಗಳಿಗೆ ಪೆಟ್ಟಾಗಬಹುದು. ಉಳುಕಿದ ಸೊಂಟದೊಡನೆ ವಿಮಾನದ ಇಕ್ಕಟ್ಟಾದ ಆಸನದಲ್ಲಿ ಕೂರುವುದು ಎಂತಹ ಶಿಕ್ಷೆಯೆಂಬುದನ್ನು ಅನುಭವಿಸಿದವರೇ ಬಲ್ಲರು. ಎತ್ತಲೇಬೇಕಾದಾಗ ಮಂಡಿ ಮಡಿಸಿ, ಭಾರವನ್ನು ಎದೆಗೆ ಸಮೀಪವಾಗಿ ಹಿಡಿದು, ಕಾಲುಗಳ ಬಲದಿಂದ ಮೇಲೇಳಬೇಕು. ತಿರುಗಬೇಕಾದರೆ ಪಾದಗಳನ್ನು ಸರಿಸಿ ತಿರುಗಬೇಕು. ಪೆಟ್ಟಿಗೆಗಳನ್ನು ನೆಲದ ಮೇಲಿಡದೆ ಮಂಚದ ಎತ್ತರದಲ್ಲಿಟ್ಟು ತುಂಬುವುದು ಉತ್ತಮ.

ತೂಗುವ ಕೆಲಸವನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು. ಪ್ರತಿ ಪೆಟ್ಟಿಗೆಯಲ್ಲಿ ಒಂದೆರಡು ಕಿಲೋ ಜಾಗ ಬಿಟ್ಟು ಮೂರು ದಿನ ಮೊದಲೇ ಮುಚ್ಚಿಬಿಟ್ಟರೆ ಕೊನೆಯ ಗಳಿಗೆಯ ವಸ್ತುಗಳಿಗೆ ಅವಕಾಶವಿರುತ್ತದೆ. ಕೊಕ್ಕೆಯುಳ್ಳ ಕೈತಕ್ಕಡಿ ಅಗ್ಗವಾಗಿ ದೊರೆಯುತ್ತದೆ. ಅದನ್ನೂ ಮನೆಯ ಎಳೆಯರ ಕೈಗೆ ಕೊಡುವುದು ಲೇಸು. ಇನ್ನೊಂದು ಮಾತು: ಪರಿಚಯ ಅಷ್ಟಕ್ಕಷ್ಟೇ ಆದವರು ಕೊನೆಯ ದಿನ ತಂದುಕೊಡುವ ಮುಚ್ಚಿದ ಪೊಟ್ಟಣಗಳನ್ನು ಒಳಗೆ ಏನಿದೆಯೆಂದು ನೋಡದೆ ಸ್ವೀಕರಿಸಬಾರದು. ಪೆಟ್ಟಿಗೆಯಲ್ಲಿರುವುದಕ್ಕೆಲ್ಲ ಉತ್ತರ ಕೊಡಬೇಕಾದವರು ಅದನ್ನು ಹೊತ್ತವರೇ.

ಔಷಧಿಗಳ ಚೀಲ

ಔಷಧಿ, ಅಳೆಯುವ ಉಪಕರಣ, ಕನ್ನಡಕ, ವೈದ್ಯರ ಚೀಟಿ ಇವು ಯಾವ ಕಾರಣಕ್ಕೂ ದೊಡ್ಡ ಪೆಟ್ಟಿಗೆಗೆ ಸೇರಕೂಡದು. ಇವಕ್ಕೆಲ್ಲ ಎದ್ದು ಕಾಣುವ ಬಣ್ಣದ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ವಾರದ ಮೊದಲೇ ಬೇರೆಯಾಗಿಡಬೇಕು. ದೊಡ್ಡ ಪೆಟ್ಟಿಗೆ ವಿಮಾನ ತಪ್ಪಿ ಎರಡು ದಿನ ತಡವಾಗಿ ಬಂದರೆ ಸೀರೆಗಳಿಗೆ ಏನೂ ಆಗುವುದಿಲ್ಲ, ಆದರೆ ಔಷಧಿ ತಪ್ಪಿದ ಹೃದ್ರೋಗಿಗೆ ಎರಡು ದಿನ ದೀರ್ಘಕಾಲ. ಇನ್ಸುಲಿನ್ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ, ವಿಮಾನದ ಸಾಮಾನಿನ ಕೋಣೆಯಲ್ಲಿ ಅಂತಹ ಚಳಿಗೆ ಸಿಕ್ಕುವ ಸಂಭವವಿದೆ.

2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ವಿಮಾನಗಳನ್ನು ಸ್ಫೋಟಿಸುವ ಸಂಚು ಬಯಲಾದ ತರುವಾಯ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿ ದ್ರವಪದಾರ್ಥಗಳನ್ನು ಒಯ್ಯಲು ಅನೇಕ ದೇಶಗಳಲ್ಲಿ ನಿರ್ಬಂಧ ಬಂದಿತು. ಅವಶ್ಯಕ ಔಷಧಿಗಳಿಗೆ ಇದರಿಂದ ವಿನಾಯಿತಿಯುಂಟು. ತಪಾಸಣೆಯ ಅಧಿಕಾರಿಗೆ ಮೊದಲೇ ತಿಳಿಸಿ, ಮೂಲ ಡಬ್ಬಿ ಹಾಗೂ ವೈದ್ಯರ ಚೀಟಿಯನ್ನು ತೋರಿಸಿದರೆ ತೊಡಕು ಕಡಮೆ. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಪ್ರಯಾಣಿಕರ ಕೋಣೆಯಲ್ಲಿ ನಂದಿಸಬಹುದೆಂಬುದೇ ಈ ನಿಯಮದ ಹಿಂದಿನ ಕಾರಣ.

ತಿಂಗಳುಗಟ್ಟಲೆ ಉಳಿದವರಿಗೆ ಕೊನೆಯ ವಾರದಲ್ಲಿ ಮಾತ್ರೆಗಳು ಮುಗಿಯುತ್ತ ಬರುತ್ತವೆ. ನಮ್ಮ ದೇಶದ ವೈದ್ಯರ ಚೀಟಿಗೆ ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ. ನಮ್ಮ ವ್ಯಾಪಾರಿ ಹೆಸರುಗಳು ಅಲ್ಲಿಯವರಿಗೆ ತಿಳಿಯುವುದೂ ಇಲ್ಲ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನೇ ಅವರು ಅಸಿಟಮಿನೊಫೆನ್ ಎನ್ನುತ್ತಾರೆ. ಆದುದರಿಂದ ಊರಿನಿಂದ ಹೊರಡುವಾಗಲೇ ಎರಡು ವಾರಗಳಿಗಾಗುವಷ್ಟು ಹೆಚ್ಚುವರಿ ಮಾತ್ರೆಗಳನ್ನು ಒಯ್ಯುವುದು ಜಾಣತನ.

ಮಾತ್ರೆಯ ವೇಳೆಯೂ ಗೊಂದಲಕ್ಕೆ ಎಡೆಮಾಡುತ್ತದೆ. ಬೇಸಗೆಯ ಗಡಿಯಾರ ಜಾರಿಯಲ್ಲಿರುವ ತಿಂಗಳುಗಳಲ್ಲಿ ನ್ಯೂ ಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆಗಳ ಅಂತರ, ಉಳಿದ ತಿಂಗಳುಗಳಲ್ಲಿ ಹತ್ತೂವರೆ. ಅಕ್ಟೋಬರಿನಲ್ಲಿ ಅಲ್ಲಿ ಬೆಳಗ್ಗೆ 8 ಆದಾಗ ಮುಂಬಯಿಯಲ್ಲಿ ಸಂಜೆ 5.30. ಪೂರ್ವಕ್ಕೆ ಹಾರುವಾಗ ದಿನ ಕುಗ್ಗುತ್ತದೆ, ಪಶ್ಚಿಮಕ್ಕೆ ಹಾರುವಾಗ ಹಿಗ್ಗುತ್ತದೆ. ದಿನ ಕುಗ್ಗಿದಾಗ ಎಂದಿನ ಪ್ರಮಾಣದ ಇನ್ಸುಲಿನ್ ಹೆಚ್ಚಾಗಬಹುದು. ಇನ್ಸುಲಿನ್, ರಕ್ತ ತೆಳುವಾಗಿಸುವ ಔಷಧಿ, ಮೂರ್ಛೆರೋಗದ ಔಷಧಿ ಇವುಗಳನ್ನು ಸೇವಿಸುವವರು ಪ್ರಯಾಣದ ದಿನದ ವೇಳಾಪಟ್ಟಿಯನ್ನು ತಮ್ಮ ವೈದ್ಯರಿಂದ ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ‘ನುಂಗಿದೆನೋ ಇಲ್ಲವೋ’ ಎಂಬ ಸಂಶಯದಲ್ಲಿ ಎರಡನೆಯ ಬಾರಿ ನುಂಗುವುದು ಅಪಾಯ. ನುಂಗಿದ ಕೂಡಲೇ ಆ ಕಾಗದದಲ್ಲಿ ಗುರುತು ಹಾಕುವ ಅಭ್ಯಾಸವಿರಲಿ.

ನಿದ್ರೆಗೆಟ್ಟ ರಾತ್ರಿ

‘ವಿಮಾನದಲ್ಲಿ ಮಲಗಿದರಾಯಿತು’ ಎಂದು ಹೇಳಿ ಮುನ್ನಾದಿನದ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿರುವವರು ಬಹಳ. ಇದು ಭ್ರಮೆ. ಕುಳಿತು ಮಾಡುವ ನಿದ್ರೆ ತುಂಡುತುಂಡಾದದ್ದು. ನಿದ್ರೆಗೆಟ್ಟವರಲ್ಲಿ ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಏರುವುದುಂಟು, ತಾಳ್ಮೆ ಕುಗ್ಗುತ್ತದೆ, ಮರೆವು ಹೆಚ್ಚುತ್ತದೆ. ಪಾಸ್‌ಪೋರ್ಟನ್ನು ತಪಾಸಣೆಯ ತಟ್ಟೆಯಲ್ಲೇ ಬಿಟ್ಟುಬರುವವರಲ್ಲಿ ಇಂತಹ ನಿದ್ರೆಗೆಟ್ಟವರೂ ಇರುತ್ತಾರೆ.

ನಮ್ಮ ಮೆದುಳಿನ ಹೈಪೋಥಲಮಸ್ ಎಂಬ ಭಾಗದಲ್ಲಿ ಶರೀರದ ಗಡಿಯಾರವಿದೆ. ನಿದ್ರೆ, ಹಸಿವು, ಶರೀರದ ಉಷ್ಣತೆ ಮೊದಲಾದವುಗಳನ್ನು ಇದು ಹಗಲು ರಾತ್ರಿಗಳಿಗೆ ಹೊಂದಿಸುತ್ತದೆ. ಇಂತಹ ಗಡಿಯಾರಗಳು ಜೀವಕೋಶಗಳ ಒಳಗೆ ಹೇಗೆ ನಡೆಯುತ್ತವೆಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಷ್ ಹಾಗೂ ಮೈಕೇಲ್ ಯಂಗ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರವನ್ನು ತಿದ್ದುವ ಮುಖ್ಯ ಸಾಧನ ಬೆಳಕು. ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯಬಲ್ಲುದು. ಆದುದರಿಂದ ಒಂಬತ್ತೂವರೆ ಗಂಟೆಗಳ ಅಂತರ ಸರಿಹೋಗಲು ವಾರಕ್ಕೆ ಮೇಲ್ಪಟ್ಟು ಸಮಯ ಹಿಡಿಯುವುದು ಸಹಜ. ನಿದ್ರೆಯ ಸಾಲವನ್ನು ಹೊತ್ತು ವಿಮಾನ ಹತ್ತಿದವರಿಗೆ ಈ ಬಳಲಿಕೆ ಮತ್ತಷ್ಟು ಹೆಚ್ಚು. ಮನೆ ಸೇರಿದ ಮೇಲೆ ಹಗಲಿನಲ್ಲಿ ಹೊರಗಿನ ಬೆಳಕಿನಲ್ಲಿ ನಡೆದಾಡಿ, ಊರಿನ ವೇಳೆಗೆ ಸರಿಯಾಗಿ ಊಟ ಮಾಡಿ, ಮಧ್ಯಾಹ್ನದ ನಿದ್ರೆಯನ್ನು ಅರ್ಧ ಗಂಟೆಗೆ ಸೀಮಿತಗೊಳಿಸಿದರೆ ಚೇತರಿಕೆ ಬೇಗ ಆಗುತ್ತದೆ.

ನಿದ್ರೆಗಾಗಿ ಹೊಸ ಮಾತ್ರೆಯನ್ನು ಮೊದಲ ಬಾರಿ ವಿಮಾನದಲ್ಲಿ ಪ್ರಯೋಗಿಸಬಾರದು. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ, ಮಂಪರು ತರುವ ಕೆಲವು ಮಾತ್ರೆಗಳು ವೃದ್ಧರಲ್ಲಿ ಮತಿಭ್ರಮೆಯನ್ನೂ, ಪ್ರಾಸ್ಟೇಟ್ ಗ್ರಂಥಿ ಬೆಳೆದ ಗಂಡಸರಲ್ಲಿ ಮೂತ್ರ ಕಟ್ಟುವುದನ್ನೂ ಉಂಟುಮಾಡಬಲ್ಲವು.

ಕಾಲಿನ ರಕ್ತನಾಳಗಳು

ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಕುರ್ಚಿಗಳ ಮೇಲೆ ಕುಳಿತೇ ರಾತ್ರಿಗಳನ್ನು ಕಳೆಯುತ್ತಿದ್ದರು. ಅವರಲ್ಲಿ ಕೆಲವರು ಬೆಳಗ್ಗೆ ಎದ್ದು ನಡೆಯಲಾರಂಭಿಸಿದಾಗ ಹಠಾತ್ತನೆ ಮೃತರಾದುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ವರದಿ ಮಾಡಿದರು. ಕಾಲಿನ ಆಳದ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡು ಶ್ವಾಸಕೋಶವನ್ನು ಸೇರಿದ್ದೇ ಮರಣಕ್ಕೆ ಕಾರಣವಾಗಿತ್ತು. 1954ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಹೋಮನ್ಸ್ ಅವರು ದೀರ್ಘ ವಿಮಾನಯಾನದಲ್ಲಿ ಕುಳಿತವರಲ್ಲೂ ಇದೇ ತೊಂದರೆಯನ್ನು ಗುರುತಿಸಿದರು. ನಾಲ್ಕು ಗಂಟೆಗಳಿಗೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆಂದೂ, ಆದರೂ ಅದು ಸುಮಾರು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರುವಷ್ಟು ಮಾತ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಆದುದರಿಂದ ಹೆದರಬೇಕಾಗಿಲ್ಲ, ಎಚ್ಚರಿಕೆ ಸಾಕು.

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುತ್ತವೆ. ಅಲುಗಾಡದೆ ಕುಳಿತಾಗ ಈ ಪಂಪು ನಿಂತಂತಾಗಿ ರಕ್ತದ ಚಲನೆ ಮಂದವಾಗುತ್ತದೆ. ನೇರ ವಿಮಾನವಾದರೂ ಅಮೆರಿಕದ ಪೂರ್ವ ತೀರದಿಂದ ಮುಂಬಯಿಗೆ ಸುಮಾರು ಹದಿನೈದು ಗಂಟೆಗಳ ಹಾರಾಟ. ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡಬೇಕು. ಕುಳಿತಲ್ಲೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು. ಶೌಚಾಲಯಕ್ಕೆ ಹೋಗುವ ಸಂಕೋಚದಿಂದ ನಮ್ಮ ಹೆಂಗಸರು ನೀರನ್ನೇ ಕುಡಿಯದಿರುವುದುಂಟು, ಇದು ತಪ್ಪು. ಓಣಿಯ ಪಕ್ಕದ ಆಸನವನ್ನು ಮೊದಲೇ ಕೇಳಿ ಪಡೆದರೆ ಈ ಸಂಕೋಚಕ್ಕೆ ಕಾರಣವಿರುವುದಿಲ್ಲ. ಗಾಲಿಕುರ್ಚಿಯ ನೆರವು ಬೇಕಾದವರೂ ಕೊನೆಯ ದಿನಕ್ಕೆ ಕಾಯದೆ ತಿಳಿಸಬೇಕು. ಹಿಂದೆ ರಕ್ತ ಹೆಪ್ಪುಗಟ್ಟಿದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು, ಅರ್ಬುದ ರೋಗಿಗಳು ವೈದ್ಯರನ್ನು ಕಂಡೇ ಹೊರಡಬೇಕು. ಮರಳಿದ ಕೆಲವು ವಾರಗಳಲ್ಲಿ ಒಂದೇ ಕಾಲು ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ತಡಮಾಡಕೂಡದು.

ಬೀಳ್ಕೊಡುಗೆಯ ಔತಣ

ಮುನ್ನಾದಿನದ ರಾತ್ರಿ ಹಬ್ಬದೂಟ ಮಾಡಿ ಕಳುಹಿಸುವುದು ಪ್ರೀತಿಯ ಸಂಪ್ರದಾಯ. ಆದರೆ ಹಾರುತ್ತಿರುವ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ. ಅದು ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಂತಿರುತ್ತದೆ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ಶಿಖರದ ಮೇಲೆ ಹದಿನೈದು ಗಂಟೆ ಕುಳಿತಂತೆ. ಒತ್ತಡ ಕಡಮೆಯಾದಾಗ ಅನಿಲ ಹಿಗ್ಗುತ್ತದೆಂಬುದು ರಾಬರ್ಟ್ ಬಾಯ್ಲ್ ಹದಿನೇಳನೆಯ ಶತಮಾನದಲ್ಲೇ ತೋರಿಸಿದ ನಿಯಮ. ಹೊಟ್ಟೆಯೊಳಗಿನ ವಾಯುವಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಎಂಟು ಸಾವಿರ ಅಡಿಗೆ ಸಮನಾದ ಒತ್ತಡದಲ್ಲಿ ಅದು ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಆದುದರಿಂದ ಕಡಲೆ, ಎಲೆಕೋಸು, ಕರಿದ ತಿಂಡಿ, ಬುರುಗು ಪಾನೀಯಗಳನ್ನು ಹೊರಡುವ ಮುನ್ನ ಮಿತಗೊಳಿಸಬೇಕು. ತಿಳಿಸಾರು, ಅನ್ನ, ಮಜ್ಜಿಗೆಯ ಊಟ ಸರ್ವೋತ್ತಮ. ಔತಣವನ್ನು ಮೂರು ದಿನ ಮೊದಲೇ ಮುಗಿಸಿದರೆ ಪ್ರೀತಿಗೇನೂ ಕುಂದಾಗದು.

ಗಾಳಿ ತೆಳುವಾದಾಗ ರಕ್ತದಲ್ಲಿನ ಆಮ್ಲಜನಕವೂ ಸ್ವಲ್ಪ ಕಡಮೆಯಾಗುತ್ತದೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಶ್ವಾಸಕೋಶದ ಕಾಯಿಲೆ, ದುರ್ಬಲ ಹೃದಯ, ತೀವ್ರ ರಕ್ತಹೀನತೆ ಉಳ್ಳವರು ಮಾತ್ರ ಪ್ರಯಾಣಕ್ಕೆ ಮುನ್ನ ಪರೀಕ್ಷಿಸಿಕೊಳ್ಳಬೇಕು. ನೆಗಡಿಯಿದ್ದರೆ ಮೂಗಿಗೂ ಕಿವಿಗೂ ನಡುವಿನ ನಾಳ ಮುಚ್ಚಿಕೊಂಡು, ವಿಮಾನ ಇಳಿಯುವಾಗ ಕಿವಿ ತೀವ್ರವಾಗಿ ನೋಯಬಹುದು. ಆಗ ಎಚ್ಚರವಾಗಿದ್ದು, ಪೆಪ್ಪರ್‌ಮಿಂಟು ಚೀಪುತ್ತ ಉಗುಳು ನುಂಗುತ್ತಿದ್ದರೆ ನಾಳ ತೆರೆದುಕೊಳ್ಳುತ್ತದೆ.

ತೂಗಲಾಗದ ಭಾರ

ಇಷ್ಟೆಲ್ಲ ಶರೀರದ ಮಾತಾಯಿತು. ಮುನ್ನಾದಿನ ನಾವು ಅಷ್ಟೊಂದು ಗಡಿಬಿಡಿ ಮಾಡುವುದೇಕೆ ಎಂದು ನಾನು ಅನಂತರ ಯೋಚಿಸಿದೆ. ಪೆಟ್ಟಿಗೆ ತುಂಬಲು ನಮಗೆ ಐದು ತಿಂಗಳುಗಳಿದ್ದವು. ಕೆಲಸವಿದ್ದುದರಿಂದ ಗಡಿಬಿಡಿಯಾಯಿತೆನ್ನುವುದಕ್ಕಿಂತ, ಕೆಲಸವಿಲ್ಲದೆ ಸುಮ್ಮನೆ ಕುಳಿತರೆ ಅಳು ಬರುತ್ತದೆಂಬ ಭಯದಿಂದಲೇ ಕೆಲಸವನ್ನು ಹುಡುಕಿಕೊಂಡೆವೆಂದು ತೋರುತ್ತದೆ. ಮುಂದೆ ಮಕ್ಕಳನ್ನು ಕಾಣುವುದು ಎಂದೋ, ಅಷ್ಟು ಹೊತ್ತಿಗೆ ನಮ್ಮ ಕಾಲುಗಳು ಹೇಗಿರುತ್ತವೆಯೋ ಎಂಬ ಮಾತನ್ನು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಬದಲಾಗಿ, ‘ಆ ನೀಲಿ ಚೀಲ ಎಲ್ಲಿಟ್ಟೆ?’ ಎಂದು ಒಬ್ಬರ ಮೇಲೊಬ್ಬರು ರೇಗುತ್ತೇವೆ.

ಪ್ರಯಾಣ ಮುಂದೂಡಿದ ಆ ಎರಡು ದಿನಗಳಲ್ಲಿ ಪೆಟ್ಟಿಗೆಗಳು ಮುಚ್ಚಿ ಬಾಗಿಲ ಬಳಿ ನಿಂತಿದ್ದವು. ಮಾಡಲು ಏನೂ ಉಳಿದಿರಲಿಲ್ಲ. ಹೊತ್ತುಹೊತ್ತಿಗೆ ಊಟ, ಪತ್ನಿಯ ರಕ್ತಪರೀಕ್ಷೆ, ಸಂಜೆ ಎಲೆ ಉದುರುವ ಮರಗಳ ಕೆಳಗೆ ಎಲ್ಲರೂ ಕೂಡಿ ನಡಿಗೆ. ಮೊಮ್ಮಗ ಅಜ್ಜಿಯಿಂದ ಚೌಕಾಬಾರ ಕಲಿತ. ಮಗ ತನ್ನ ಕೆಲಸದ ಚಿಂತೆಗಳನ್ನು ಐದು ತಿಂಗಳಲ್ಲಿ ಮೊದಲ ಬಾರಿಗೆ ನನ್ನೊಡನೆ ಹೇಳಿಕೊಂಡ. ಸೊಸೆ ಅತ್ತೆಯ ಬಳಿ ಕುಳಿತು, ‘ಅತ್ತೆ, ನೀವು ಮಾತ್ರೆ ನುಂಗಿದರೆ ಊಟ ಆಗುವವರೆಗೆ ಪೆಟ್ಟಿಗೆ ಮುಟ್ಟಬಾರದು’ ಎಂದು ಆಣೆ ಹಾಕಿಸಿಕೊಂಡಳು. ಆ ವಾಸದಲ್ಲಿ ನಮಗೆ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಈ ಎರಡು ದಿನಗಳೇ. ಟಿಕೆಟು ಬದಲಾಯಿಸಲು ತೆತ್ತ ಹಣದ ಬಗ್ಗೆ ನಾವು ಮತ್ತೆ ಮಾತಾಡಿಲ್ಲ.

ಹೀಗೆ ಮುಂದೂಡಲು ನಮಗೆ ಸಾಧ್ಯವಾದುದಕ್ಕೆ ಒಂದು ಕಾರಣವಿತ್ತು. ಪ್ರವಾಸಿಗಳಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ಕೊಡುತ್ತಾರೆ. ನಮ್ಮ ಅವಧಿ ಮುಗಿಯಲು ಇನ್ನೂ ಹನ್ನೆರಡು ದಿನಗಳಿದ್ದವು. ಅವಧಿಯ ಕೊನೆಯ ದಿನಕ್ಕೇ ಟಿಕೆಟು ತೆಗೆಸುವವರು ಕಾಯಿಲೆ ಬಿದ್ದರೆ ಇಕ್ಕಟ್ಟಿಗೆ ಸಿಕ್ಕುತ್ತಾರೆ. ಪ್ರವಾಸಿ ವಿಮೆಯನ್ನೂ ಹೊರಡುವ ದಿನಕ್ಕೆ ಮುಗಿಸದೆ ಒಂದೆರಡು ವಾರ ಮುಂದಕ್ಕೆ ಇಟ್ಟುಕೊಳ್ಳುವುದು ವಿವೇಕ.

ನೆನಪಿಡಬೇಕಾದ ಕ್ರಮ

ವಾಚಕರ ಅನುಕೂಲಕ್ಕಾಗಿ ಮೇಲಿನ ಮಾತುಗಳನ್ನು ಸಂಗ್ರಹಿಸುತ್ತೇನೆ.

ವಾರದ ಮೊದಲು: ಔಷಧಿಗಳ ಎಣಿಕೆ, ಔಷಧಿ ಚೀಲದ ಸಿದ್ಧತೆ, ಪ್ರಯಾಣದ ದಿನದ ಮಾತ್ರೆಗಳ ವೇಳಾಪಟ್ಟಿ, ಆಸನ, ವಿಶೇಷ ಊಟ ಮತ್ತು ಗಾಲಿಕುರ್ಚಿಯ ಕೋರಿಕೆ.

ಮೂರು ದಿನ ಮೊದಲು: ಪೆಟ್ಟಿಗೆಗಳನ್ನು ತುಂಬಿ, ತೂಗಿ, ಮುಚ್ಚುವುದು. ಬೀಳ್ಕೊಡುಗೆಯ ಭೇಟಿಗಳನ್ನೂ ಔತಣಗಳನ್ನೂ ಮುಗಿಸುವುದು.

ಮುನ್ನಾದಿನ: ವೇಳೆಗೆ ಸರಿಯಾಗಿ ಮೂರು ಹೊತ್ತಿನ ಹಿತಮಿತವಾದ ಊಟ, ಅರ್ಧ ಗಂಟೆಯ ನಡಿಗೆ, ಬೇಗನೆ ನಿದ್ರೆ. ಪಾಸ್‌ಪೋರ್ಟು, ಟಿಕೆಟು, ಊರಿನ ಮನೆಯ ಬೀಗದ ಕೈ ಒಂದೇ ಕಡೆ ಇವೆಯೇ ಎಂದು ಒಮ್ಮೆ ನೋಡುವುದು. ಉಳಿದ ಹೊತ್ತನ್ನು ಮನೆಯವರೊಡನೆ ಬರಿಗೈಯಲ್ಲಿ ಕುಳಿತು ಕಳೆಯುವುದು.

ಹೊರಡುವ ದಿನ: ಮಧುಮೇಹಿಗಳ ಜೇಬಿನಲ್ಲಿ ಸಕ್ಕರೆ ಅಥವಾ ಸಿಹಿ ಪೆಪ್ಪರ್‌ಮಿಂಟು, ಎಲ್ಲರಿಗೂ ಸಡಿಲವಾದ ಉಡುಪು, ಗುಟುಕುಗುಟುಕಾಗಿ ನೀರು, ಮತ್ತು ನಿಲ್ದಾಣಕ್ಕೆ ಬೇಗನೆ ಹೊರಡುವುದು.

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ನಮ್ಮಲ್ಲಿದೆ. ವೈದ್ಯನಾದ ನನ್ನ ಬುದ್ಧಿಯೂ ಅಂದು ಮಟ್ಟವಾಗಿತ್ತೆಂಬುದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಮುಂದಿನ ವರ್ಷ ಮಕ್ಕಳ ಬಳಿಗೆ ಹೋಗಲಿರುವ ನಮ್ಮ ಸಂಘದ ಬಂಧುಗಳು ಟಿಕೆಟಿನಲ್ಲಿರುವ ದಿನಾಂಕಕ್ಕಿಂತ ಎರಡು ದಿನ ಮುಂಚೆಯೇ ವಿಮಾನವಿದೆಯೆಂದು ಭಾವಿಸಿ ಸಿದ್ಧರಾಗಲಿ ಎಂದು ನನ್ನ ಸವಿನಯ ಸೂಚನೆ. ಹಾಗೆ ಉಳಿಸಿಕೊಂಡ ಆ ಎರಡು ದಿನಗಳು ಶರೀರಕ್ಕೂ ಮನಸ್ಸಿಗೂ ಸಲ್ಲುತ್ತವೆ.